ಅಮ್ಮ ಒತ್ತಿದ ಯು

ನೋಕಿಯಾ ಎನ್900 ಅಂದ್ರೆ ಒಳಗೆ ಡೆಬಿಯನ್ ಮೂಲದ ಲಿನಕ್ಸ್ (ಕಂಪ್ಯೂಟರುಗಳನ್ನು ನಡೆಸೋ ತಂತ್ರಾಂಶ) ಇಟ್ಟುಕೊಂಡು 2009ರಲ್ಲಿ ಬಂದ ದಪ್ಪನೆಯ ಫೋನು. ಪರದೆ ಸರಿಸಿದರೆ ಕೀಬೋರ್ಡ್, ಮೆನುವಿನಲ್ಲೇ ಟರ್ಮಿನಲ್, ಅಂದ್ರೆ ಫೋನಿಗೆ ನೇರವಾಗಿ ಕಮಾಂಡ್ ಟೈಪ್ ಮಾಡೋ ಜಾಗ. ನನ್ನ ತಮ್ಮನಂಥವರ ಕೈಗೆ ಟರ್ಮಿನಲ್ ಸಿಗಬಾರದು. ಪರೀಕ್ಷೆಯ ಹಂತದಲ್ಲಿದ್ದ ಆ್ಯಪ್‌ಗಳನ್ನೆಲ್ಲ ಸುಮ್ನೆ ತುಂಬಿಸಿದ. ಫೋನು ಆನ್ ಆಗುತ್ತೆ, ಚುಕ್ಕಿ ಓಡುತ್ತೆ, ಆಫ್ ಆಗುತ್ತೆ, ಮತ್ತೆ ಆನ್ ಆಗುತ್ತೆ.

ಫ್ಲ್ಯಾಶ್ ಮಾಡೋಣ, ಅಂದ್ರೆ ಕಂಪ್ಯೂಟರಿನಿಂದ ಫೋನಿನ ತಂತ್ರಾಂಶವನ್ನೇ ಹೊಸದಾಗಿ ತುಂಬಿಸೋಣ ಅಂದ. ಆದರೆ ಬ್ಯಾಟರಿ ಖಾಲಿ. ಫ್ಲ್ಯಾಶ್ ಆಗುವಾಗ ಚಾರ್ಜ್ ಆಗಲ್ಲ, ನಡುವೆ ಸತ್ತರೆ ಕಷ್ಟ. ಅದರ ಬಿಎಲ್-5ಜೆ ಬ್ಯಾಟರಿಯೇ ಪಕ್ಕದ್ಮನೆ ಆಂಟಿಯ ನೋಕಿಯಾ 5230 ಫೋನಿಗೂ ಹಾಕೋದು. ತಮ್ಮ ಹೋಗಿ ಕೇಳಿದ.

"ಮಗ ದುಬೈಯಿಂದ ಫೋನ್ ಮಾಡೋ ಹೊತ್ತು ಕಣೋ!"

"ಐದೇ ನಿಮಿಷ ಆಂಟಿ."

ಕೊಟ್ಟರು. ಆದರೆ ಬ್ಯಾಟರಿಯ ಹಿಂದೆಯೇ ತಾವೂ ಬಂದರು.

ಕಂಪ್ಯೂಟರಿನಲ್ಲಿ ಕಮಾಂಡ್ ಕೊಟ್ಟಾಗ 'ಸೂಟಬಲ್ ಯುಎಸ್‌ಬಿ ಡಿವೈಸ್ ನಾಟ್ ಫೌಂಡ್, ವೇಟಿಂಗ್' ಅಂತ ಬಂತು. "ಇವನ ಮದುವೆ ಕಥೆಯೂ ಇದೇ" ಅಂದರು ಅಮ್ಮ.

ಈಗ ಆಫ್ ಆದ ಫೋನಿನ ಯು ಕೀ ಒತ್ತಿ ಹಿಡಿದು, ಹಾಗೇ ಕೇಬಲ್ ಚುಚ್ಚಬೇಕು. ತಮ್ಮ ಫೋನು ಹಿಡಿದ, ನಾನು ಕೇಬಲ್ ಹಿಡಿದೆ. ಯು ಒತ್ತುವ ಕೆಲಸ ಅಮ್ಮನಿಗೆ ಬಂತು. ಕೀ ಕಡಲೆಬೇಳೆಯಷ್ಟಿದೆ, ಅಮ್ಮನ ಬೆರಳು ವೈ, ಐ ಎರಡನ್ನೂ ಸೇರಿಸಿಕೊಂಡೇ ಒತ್ತುತ್ತಿತ್ತು.

"ಎಷ್ಟೊತ್ತು ಹಿಡೀಬೇಕೋ? ಒಲೆ ಮೇಲೆ ಹಾಲಿದೆ."

"ಮೂಲೆಯಲ್ಲಿ ಯುಎಸ್‌ಬಿ ಚಿಹ್ನೆ ಬರೋ ತನಕ."

ಹಾಲು ಉಕ್ಕಿತು. ಚಿಹ್ನೆ ಬಂದಿದ್ದು ಆಮೇಲೆ.

ಕೊನೆಗೆ ಫೋನು ಹೊಸದರಂತೆ ಎದ್ದು ಭಾಷೆ ಯಾವುದು, ಊರು ಯಾವುದು ಅಂತ ಕೇಳಿತು. ಆ್ಯಪ್‌ಗಳು ಮಾಯ. ಫೋಟೋ ಮಾತ್ರ ಉಳಿದಿದ್ದವು. ಅವು ಇರುವ 32 ಜಿಬಿ ಜಾಗಕ್ಕೆ ಬೇರೆಯೇ ಇಮೇಜ್ (ತಂತ್ರಾಂಶದ ಫೈಲು) ಹಾಕಬೇಕು, ತಮ್ಮ ಅದನ್ನು ಮುಟ್ಟಿರಲಿಲ್ಲ. ಅವನ ಜೀವನದ ಏಕೈಕ ಮುನ್ನೆಚ್ಚರಿಕೆ ಅದು.

ಆಂಟಿಗೆ ಸಂಶಯ ಬಂದಿದ್ದೇ ಇಲ್ಲಿ. "ಎಲ್ಲಾ ಅಳಿಸಿದೆ ಅಂತೀಯ, ಫೋಟೋ ಹೆಂಗೆ ಉಳೀತು? ನನ್ನ ಬ್ಯಾಟರಿ ಹಾಕಿದ್ಯಲ್ಲ, ನನ್ನ ನಂಬರುಗಳೂ ಇದಕ್ಕೆ ಬಂದಿರ್ತವೆ, ಅಲ್ವಾ?"

ಬ್ಯಾಟರಿಯಲ್ಲಿ ನಂಬರ್ ಇರಲ್ಲ ಅಂತ ನಾನು ಹೇಳಿದ್ದು ಅವರಿಗೆ ಹಿಡಿಸಲಿಲ್ಲ. ತಮ್ಮ ಟರ್ಮಿನಲ್ ತೆರೆದ. ಕಪ್ಪು ಪರದೆಯಲ್ಲಿ ಏನೋ ಟೈಪ್ ಮಾಡಿದ, ಪುಟಪುಟನೆ ಸಾಲುಗಳು ಓಡಿದವು.

"ಅಳಿಸಿದೆ ಆಂಟಿ."

"ಹಾಗೆ ಹೇಳು ಮತ್ತೆ" ಅಂತ ಬ್ಯಾಟರಿ ಸೆರಗಿಗೆ ಕಟ್ಟಿಕೊಂಡು ಹೊರಟರು.