ಕೃತಜ್ಞತೆಯ ಪುಟದಲ್ಲಿ ತೀರದ ಸಾಲ

ಹಾಸನದಲ್ಲಿ ಎಂ.ಕಾಂ. ಓದುತ್ತಿರುವ ಅಕ್ಕನ ಮಗ, ಹಾಲು ಉತ್ಪಾದಕರ ಸಹಕಾರ ಸಂಘಗಳ ಕುರಿತ ತನ್ನ ಪ್ರಾಜೆಕ್ಟ್ ವರದಿಯನ್ನು ಬೈಂಡಿಂಗ್‌ಗೆ ಕೊಡುವ ಮೊದಲು ಒಮ್ಮೆ ನೋಡಿಕೊಡಿ ಮಾವ ಎಂದು ಕಳುಹಿಸಿದ್ದ. ನ್ಯೂಜೆರ್ಸಿಯಲ್ಲಿ ಪದವಿ ಓದುತ್ತಿರುವ ನನ್ನ ಮಗಳು ಅದನ್ನು ಓದಿ ಒಂದೇ ಪ್ರಶ್ನೆ ಕೇಳಿದಳು: “ಅಪ್ಪಾ, ಇದರಲ್ಲಿ ಅಣ್ಣ ತಾನೇ ಕಂಡುಕೊಂಡದ್ದು ಯಾವುದು, ಬೇರೆಯವರಿಂದ ತೆಗೆದುಕೊಂಡದ್ದು ಯಾವುದು?” ಆ ಪ್ರಶ್ನೆ ನನ್ನನ್ನು ಚುಚ್ಚಿತು.

ವರದಿಯ ಹೊರರೂಪದಲ್ಲಿ ಕೊರತೆಯೇನಿಲ್ಲ. ಲಾಂಛನವಿರುವ ಮುಖಪುಟ, ಗೈಡ್, ವಿಭಾಗದ ಮುಖ್ಯಸ್ಥರು, ಪ್ರಾಂಶುಪಾಲರ ರುಜುವಿಗೆ ಜಾಗ ಬಿಟ್ಟ ದೃಢೀಕರಣ ಪತ್ರ, ಘೋಷಣೆ, ಕೃತಜ್ಞತೆ, ಪರಿವಿಡಿ, ಕೋಷ್ಟಕಗಳ ಪಟ್ಟಿ ಇವೆಲ್ಲ ದಾಟಿದ ಮೇಲೆ ಮೊದಲ ಅಧ್ಯಾಯ ಸಿಗುತ್ತದೆ. ಆದರೆ ಕ್ಷೀರಕ್ರಾಂತಿಯ ಇತಿಹಾಸವನ್ನು ಯಾರ ಪುಸ್ತಕದಿಂದ ತೆಗೆದುಕೊಂಡ, ಅಂಕಿಗಳು ಯಾವ ವರ್ಷದ ವಾರ್ಷಿಕ ವರದಿಯವು ಎಂಬ ಸುಳಿವು ಎಲ್ಲಿಯೂ ಇಲ್ಲ. ಕೊನೆಯಲ್ಲಿ ಗ್ರಂಥಋಣವೆಂದು ಪುಸ್ತಕಗಳ ಹೆಸರುಗಳಿವೆ. ಯಾವುದು ಎಲ್ಲಿ ಬಳಕೆಯಾಯಿತೆಂದು ಓದುವವರೇ ಊಹಿಸಬೇಕು.

ಮಗಳು ಬರೆಯುವುದು ಎಪಿಎ ಶೈಲಿಯಲ್ಲಿ, ಅಂದರೆ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ ರೂಪಿಸಿದ ಪ್ರಬಂಧ ಬರವಣಿಗೆಯ ಕೈಪಿಡಿಯಂತೆ. 2019ರಲ್ಲಿ ಬಂದ ಅದರ ಏಳನೆಯ ಆವೃತ್ತಿ ವಿದ್ಯಾರ್ಥಿಯ ಮೊದಲ ಪುಟದಲ್ಲಿ ಶೀರ್ಷಿಕೆ, ಹೆಸರು, ವಿಭಾಗ ಮತ್ತು ವಿಶ್ವವಿದ್ಯಾಲಯ, ಕೋರ್ಸ್, ಅಧ್ಯಾಪಕರ ಹೆಸರು, ಒಪ್ಪಿಸುವ ದಿನಾಂಕ, ಮೇಲೆ ಬಲಕ್ಕೆ ಪುಟಸಂಖ್ಯೆ ಇಷ್ಟನ್ನೇ ಕೇಳುತ್ತದೆ. ಬಿಗಿಯೆಲ್ಲ ಒಳಗಿದೆ. ಎರವಲು ತಂದ ವಿಚಾರದ ಪಕ್ಕದಲ್ಲೇ ಲೇಖಕರ ಹೆಸರು ಮತ್ತು ವರ್ಷ ಇರಬೇಕು. ಮಾತನ್ನು ಹಾಗೆಯೇ ಎತ್ತಿಕೊಂಡರೆ ಪುಟಸಂಖ್ಯೆಯೂ ಬೇಕು. ಅದು 40 ಪದಗಳನ್ನು ಮುಟ್ಟಿದರೆ ಅರ್ಧ ಇಂಚು ಒಳಸರಿಸಿ ಬೇರೆಯಾಗಿ ಬರೆಯಬೇಕು. ಕೆರೆಯ ಹೂಳೆತ್ತುವ ಪದ್ಧತಿಯ ಬಗ್ಗೆ ಅಜ್ಜ ಫೋನಿನಲ್ಲಿ ಹೇಳಿದ್ದನ್ನು ಬಳಸಿಕೊಂಡಾಗ, ಅವಳು ಅವರ ಹೆಸರನ್ನೂ ಮಾತಾಡಿದ ದಿನಾಂಕವನ್ನೂ ಆ ವಾಕ್ಯದಲ್ಲೇ ನಮೂದಿಸಿದಳು. ಇತರರು ಹುಡುಕಿ ನೋಡಲಾಗದ ಮಾತಾದ್ದರಿಂದ ಅದು ಕೊನೆಯ ಆಕರಪಟ್ಟಿಗೆ ಸೇರುವುದಿಲ್ಲ, ಆದರೆ ಹೇಳಿದವರು ಮರೆಯಾಗುವುದೂ ಇಲ್ಲ. ನಮ್ಮ ಹುಡುಗನ ವರದಿಯಲ್ಲಿ ಸಂಘದ ಕಾರ್ಯದರ್ಶಿಗೆ ಧನ್ಯವಾದ ಸಂದಿದೆ. ಅವರು ಹೇಳಿದ್ದೇನೆಂಬುದು ಮಾತ್ರ ಉಳಿದ ಬರವಣಿಗೆಯಲ್ಲಿ ಕರಗಿಹೋಗಿದೆ.

ಇದನ್ನು ಪರದೇಶದ ಶಿಸ್ತೆಂದು ತಳ್ಳಿಹಾಕಲಾಗದು. ನಮ್ಮ ಶಾಸನ ಸಂಶೋಧಕರು ಒಂದು ಸಾಲನ್ನು ಉಲ್ಲೇಖಿಸಿದರೂ ಕರ್ನಾಟಕದ ಶಾಸನಗಳ ಸಂಗ್ರಹಮಾಲೆಯಾದ ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟ, ತಾಲ್ಲೂಕು, ಶಾಸನದ ಸಂಖ್ಯೆಯನ್ನು ಅಡಿಟಿಪ್ಪಣಿಯಲ್ಲಿ ಕೊಡುತ್ತ ಬಂದವರು. ಅಂಥ ನಾಡಿನ ತರಗತಿಗಳಲ್ಲಿ ಅಂಚಿನ ಅಳತೆಗೂ ರುಜುವಿಗೂ ಕೊಡುವಷ್ಟು ಗಮನವನ್ನು ಆಕರಕ್ಕೆ ಕೊಡುವುದಿಲ್ಲವೆಂಬುದು ನನ್ನ ಕೊರಗು.

ಒಂದನ್ನು ಒಪ್ಪಲೇಬೇಕು. ಬೆಳಗಿನ ಜಾವ ಡೇರಿಯ ಸಾಲಿನಲ್ಲಿ ನಿಂತು ತಮ್ಮ ಲೆಕ್ಕದ ಪುಸ್ತಕ ತೋರಿಸಿದ ಹೆಂಗಸರನ್ನು ಅವನು ಕೃತಜ್ಞತೆಯ ಪುಟದಲ್ಲಿ ಹೆಸರು ಹಿಡಿದು ನೆನೆದಿದ್ದಾನೆ. ಮಗಳಿಗೆ ಸಂಜೆಯೆಲ್ಲ ಪುಸ್ತಕ ಹುಡುಕಿಕೊಟ್ಟ ಗ್ರಂಥಪಾಲಕಿಯ ಹೆಸರಿಗೆ ಅವಳ ಪ್ರಬಂಧದಲ್ಲಿ ಜಾಗವಿರಲಿಲ್ಲ. ಆದ್ದರಿಂದ ಪ್ರತಿ ಕೋಷ್ಟಕದ ಕೆಳಗೆ ಅದರ ಮೂಲವನ್ನು ಬರೆ, ಕಾರ್ಯದರ್ಶಿಯ ಮಾತನ್ನು ದಿನಾಂಕದೊಂದಿಗೆ ಅಧ್ಯಾಯದೊಳಗೇ ತಾ, ಆ ಹೆಂಗಸರ ಹೆಸರುಗಳನ್ನು ಮಾತ್ರ ತೆಗೆಯಬೇಡ ಎಂದು ಅವನಿಗೆ ಬರೆದಿದ್ದೇನೆ.