ಕೊನೆಯ ಟಿಕ್ ಕೇಳಲು ಬಿಡಲಿಲ್ಲ

ಚಪ್ಪಾಳೆ ತಟ್ಟಲು ಜನಕ್ಕೆ ಅಷ್ಟೊಂದು ಅವಸರ ಯಾಕೋ!

ಮೊನ್ನೆ ಲಿಗೆಟಿ ಸ್ಮರಣೆಯ ಸಂಗೀತ ಕಛೇರಿಗೆ ಹೋಗಿದ್ದೆ. 2006ರಲ್ಲಿ ತೀರಿಕೊಂಡ ಹಂಗೇರಿ ಮೂಲದ ಸಂಗೀತಗಾರ. ಮೊದಲು ಭಾಷಣ, ಒಬ್ಬರಾದ ಮೇಲೆ ಒಬ್ಬರು, ಒಟ್ಟು 40 ನಿಮಿಷ. ಹೋಗಲಿ ಬಿಡಿ, ಸ್ಮರಣೆ ಅಂದ ಮೇಲೆ ಅದು ಇದ್ದದ್ದೇ.

ನಾನು ಕಾದಿದ್ದು ಅವರ 1962ರ ಒಂದು ಕೃತಿಗೆ. ಅದರಲ್ಲಿ ಪಿಟೀಲೂ ಇಲ್ಲ, ಪಿಯಾನೋನೂ ಇಲ್ಲ. ಇರುವುದು 100 ಮೆಟ್ರೊನೋಮ್‌ಗಳು, ಅಂದರೆ ಲಯ ಹಿಡಿಯಲು ಇಟ್ಟುಕೊಳ್ಳುವ, ಕಡ್ಡಿ ಅತ್ತಿತ್ತ ಆಡಿಸುತ್ತಾ ಟಿಕ್ ಟಿಕ್ ಅನ್ನುವ ಪುಟ್ಟ ಪೆಟ್ಟಿಗೆಗಳು. 10 ಜನ ಕೀಲಿ ಕೊಟ್ಟು ಬಿಡುತ್ತಾರೆ, ಅಷ್ಟೇ. ಒಂದೊಂದರ ವೇಗ ಒಂದೊಂದು. ಮೊದಲು ತಗಡಿನ ಮೇಲೆ ಜೋರು ಮಳೆ ಬಿದ್ದಂಥ ಗದ್ದಲ. ಕೀಲಿ ಮುಗಿದು ಒಂದೊಂದೇ ನಿಲ್ಲುತ್ತಾ ಹೋದ ಹಾಗೆ ಉಳಿದವು ಬಿಡಿಬಿಡಿಯಾಗಿ ಕೇಳಿಸುತ್ತವೆ. ಮಜಾ ಇರುವುದೇ ಕೊನೆಯಲ್ಲಿ, ಒಂದೇ ಒಂದು ಉಳಿದಾಗ.

(1963ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಇದರ ಮೊದಲ ಪ್ರದರ್ಶನವನ್ನು ಟಿವಿಯಲ್ಲಿ ತೋರಿಸಬೇಕಿತ್ತು. ಅದನ್ನು ಕೈಬಿಟ್ಟು ಫುಟ್‌ಬಾಲ್ ಹಾಕಿದರು. ಪಾಪ, ಇದರ ಹಣೆಬರಹವೇ ಹಾಗೆ.)

ಎರಡು ಉಳಿದಿದ್ದವು. ಒಂದು ನಿಂತಿತು. ಇನ್ನೊಂದರ ಕಡ್ಡಿ ಎಡಕ್ಕೆ ವಾಲಿ, ವಾಪಸ್ ಬರಲೋ ಬೇಡವೋ ಅಂತ ಯೋಚಿಸುವ ಹಾಗಿತ್ತು. ನಾನು ಉಸಿರು ಬಿಗಿಹಿಡಿದಿದ್ದೆ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಪಟಪಟ ಚಪ್ಪಾಳೆ! ಶುರುವಾಯಿತು ನೋಡಿ, ಇಡೀ ಸಭಾಂಗಣವೇ ತಟ್ಟಿತು. 'ಬ್ರಾವೋ' ಬೇರೆ. ವೇದಿಕೆ ಮೇಲೆ ಆ ಕಡ್ಡಿ ಇನ್ನೂ ಆಡುತ್ತಲೇ ಇತ್ತು, ಕೇಳುವವರು ಯಾರೂ ಇರಲಿಲ್ಲ.

ಭಾಷಣಕ್ಕೆ ಅಷ್ಟು ಹೊತ್ತು ಕೂತವರಿಗೆ ಇನ್ನು 10 ಸೆಕೆಂಡ್ ಸುಮ್ನೆ ಕೂರಲು ಆಗುತ್ತಿರಲಿಲ್ವಾ?