ದುಡ್ಡು ಕಟ್ಟಿದವರಿಗೂ ಬಾಗಿಲು ಬಂದ್

ಪತ್ರಿಕೆಯೊಂದನ್ನು ಆನ್‌ಲೈನ್‌ನಲ್ಲಿ ಓದಲು ವರ್ಷದ ಚಂದಾ ಕಟ್ಟಿ ಮೂರು ತಿಂಗಳೂ ಆಗಿಲ್ಲ. ಬೆಳಿಗ್ಗೆ ಗೆಳೆಯರೊಬ್ಬರು ಹಂಚಿಕೊಂಡ ಅದೇ ಪತ್ರಿಕೆಯ ಲೇಖನದ ಲಿಂಕ್ ಒತ್ತಿದೆ. ಎರಡು ಪ್ಯಾರಾ ಕಂಡಿತು, ಮೂರನೆಯದು ಮಸುಕು. ಅದರ ಮೇಲೆ ‘ಮುಂದೆ ಓದಲು ಚಂದಾದಾರರಾಗಿ’ ಅಂತ ಒಂದು ಪೆಟ್ಟಿಗೆ. ಆಗಿದ್ದೀನಲ್ಲ!

ಕಾರಣ ಗೊತ್ತು. ನಾವು ಲಾಗಿನ್ ಆಗಿದ್ದೇವೆ ಎಂಬ ಗುರುತು ಇರುವುದು ಕುಕೀಯಲ್ಲಿ, ಅಂದರೆ ಬ್ರೌಸರ್ ತನ್ನಲ್ಲಿ ಇಟ್ಟುಕೊಳ್ಳುವ ಪುಟ್ಟ ಮಾಹಿತಿ ತುಣುಕಿನಲ್ಲಿ. ಕೆಲವು ಆ್ಯಪ್‌ಗಳು ಲಿಂಕನ್ನು ತಮ್ಮೊಳಗಿನ ಬ್ರೌಸರ್‌ನಲ್ಲೇ ತೆರೆಯುತ್ತವೆ. ಅದರ ಕುಕೀಗಳೇ ಬೇರೆ, ಕ್ರೋಮ್‌ನಲ್ಲಿ ಮಾಡಿದ ಲಾಗಿನ್ ಅಲ್ಲಿಗೆ ಲೆಕ್ಕಕ್ಕಿಲ್ಲ.

ಸರಿ, ಮತ್ತೆ ಇಮೇಲ್ ವಿಳಾಸ ಕೊಟ್ಟೆ. ಆರಂಕಿಯ ಕೋಡ್ ಮೇಲ್‌ಗೆ ಬರುತ್ತದಂತೆ. ಮೇಲ್ ತೆರೆದು, ಅಂಕಿ ಬಾಯಲ್ಲೇ ಹೇಳಿಕೊಳ್ಳುತ್ತಾ ವಾಪಸ್ ಬಂದರೆ ಆ ಪುಟವೇ ಮಾಯ! ಮೊದಲಿನಿಂದ ಶುರು. ಮೂರನೇ ಸಲಕ್ಕೆ ‘ತುಂಬಾ ಸಲ ಪ್ರಯತ್ನಿಸಿದ್ದೀರಿ, ಸ್ವಲ್ಪ ಹೊತ್ತು ಕಾಯಿರಿ’ ಎಂಬ ಉತ್ತರ. ಮೈಯೆಲ್ಲ ಉರಿಯಿತು.

ವರದಿಗಾರರಿಗೆ ಸಂಬಳ ಸಿಗಲಿ, ಒಳ್ಳೆಯ ಪತ್ರಿಕೆ ಉಳಿಯಲಿ ಅಂತಲೇ ನಾನು ದುಡ್ಡು ಕೊಡುವುದು. ಬಿಟ್ಟಿ ಓದಲು ಬಂದವರನ್ನು ತಡೆಯಲಿ, ತಪ್ಪಿಲ್ಲ. ಆದರೆ ಕೊಟ್ಟವರನ್ನೂ ಹೊರಗೆ ನಿಲ್ಲಿಸಿದರೆ ಹೇಗೆ? ಲಿಂಕನ್ನು ನೇರ ಪತ್ರಿಕೆಯ ಆ್ಯಪ್‌ನಲ್ಲೇ ತೆರೆಯುವ ವ್ಯವಸ್ಥೆ ಇದೆ ಅಲ್ವಾ, ಅದನ್ನಾದರೂ ಸರಿಯಾಗಿ ಮಾಡಬಾರದೇ? ಆ ಲೇಖನದ ಮೂರನೇ ಪ್ಯಾರಾ ಇನ್ನೂ ಓದಿಲ್ಲ.